ರಾಜೀನಾಮೆ ಪತ್ರ ಬೇಡ, ಬೇಡಿಕೆ ಪತ್ರ ಬರೆಯಿರಿ

ಪ್ರಶ್ನೆ: ನನಗೆ 34 ವರ್ಷ. ಯಶವಂತಪುರದಲ್ಲಿ ಮನೆ. ಜಯನಗರದ ಒಂದು ಖಾಸಗಿ ಕಂಪನಿಯ ಅಕೌಂಟ್ಸ್ ವಿಭಾಗದಲ್ಲಿ 9 ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಕಂಪನಿಯಲ್ಲಿ ಸುಮಾರು 60 ಜನ ಇದ್ದೇವೆ. ಮೂರು ವರ್ಷದ ಹಿಂದೆ ನನಗೆ ರೆಟಿನೈಟಿಸ್ ಪಿಗ್ಮೆಂಟೋಸಾ ಎಂಬ ಕಣ್ಣಿನ ಕಾಯಿಲೆ ಇದೆ ಎಂದು ಗೊತ್ತಾಯಿತು. ಕತ್ತಲಾದರೆ ಏನೂ ಕಾಣುವುದಿಲ್ಲ. ಅಕ್ಕಪಕ್ಕ ಇರುವುದೂ ಕಾಣುವುದಿಲ್ಲ. ಎದುರಿಗೆ ಹಿಡಿದರೆ ಈಗಲೂ ಓದುತ್ತೇನೆ, ಆದರೆ ನಿಧಾನ. ಕಳೆದ ತಿಂಗಳು ಎಚ್‌ಆರ್‌ನವರು ಕರೆದು, "ನಿಮ್ಮ ಒಳ್ಳೇದಕ್ಕೇ ಹೇಳ್ತಿದೀವಿ, ರಾಜೀನಾಮೆ ಕೊಟ್ಬಿಡಿ, ಎರಡು ತಿಂಗಳ ಸಂಬಳ ಕೊಡ್ತೀವಿ" ಎಂದರು. ಕಾನೂನಿನ ಮಾತೆತ್ತಿದರೆ, "ಅದೆಲ್ಲ ಗೌರ್ಮೆಂಟ್‌ನವರಿಗೆ, ನಮ್ಮದು ಪ್ರೈವೇಟ್" ಅನ್ನುತ್ತಾರೆ. ಇನ್ನೊಂದು ವಿಷಯ. ನನ್ನ ತಮ್ಮ ಹುಟ್ಟಿನಿಂದ ಕಿವುಡ. ಐಟಿಐ ಫಿಟ್ಟರ್ ಮುಗಿಸಿದ್ದಾನೆ. ಪೀಣ್ಯದಲ್ಲಿ ಎಲ್ಲಿ ಅರ್ಜಿ ಹಾಕಿದರೂ ಮೊದಲು ಒಂದು ಫೋನ್ ಬರುತ್ತದೆ. ಅಲ್ಲಿಗೆ ಮುಗಿಯಿತು. ನಮ್ಮಿಬ್ಬರಿಗೂ ಏನಾದರೂ ದಾರಿ ಇದೆಯೇ?
— ಓದುಗರು, ಬೆಂಗಳೂರು

ಉತ್ತರ: ಮೊದಲು ಅವಸರದ ಮಾತು. ಆ ರಾಜೀನಾಮೆಗೆ ಸಹಿ ಹಾಕಬೇಡಿ. ಉಳಿದದ್ದನ್ನು ನಿಧಾನವಾಗಿ ಓದಿಕೊಳ್ಳಿ, ಇದನ್ನು ಮಾತ್ರ ಈಗಲೇ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಳ್ಳಿ.

ಕಂಪನಿ ನಿಮ್ಮನ್ನು ತೆಗೆದರೆ ಕಾರಣ ಹೇಳಬೇಕಾದದ್ದು ಕಂಪನಿ. ನೀವೇ ರಾಜೀನಾಮೆ ಕೊಟ್ಟರೆ, ಅದು ಒತ್ತಾಯಕ್ಕೆ ಕೊಟ್ಟದ್ದು ಎಂದು ತೋರಿಸಬೇಕಾದದ್ದು ನೀವು. ಒಂದು ಸಹಿಯಲ್ಲಿ ಹೊರೆ ಆ ಕಡೆಯಿಂದ ಈ ಕಡೆಗೆ ಬಂದುಬಿಡುತ್ತದೆ. "ಸ್ವಂತ ಕಾರಣಗಳಿಂದ" ಎಂದು ಎರಡು ಪದ ಬರೆದುಕೊಟ್ಟು, ಆಮೇಲೆ ಎರಡು ಮೂರು ವರ್ಷ ಅಲೆದವರನ್ನು ನಾನು ಕಣ್ಣಾರೆ ನೋಡಿದ್ದೇನೆ. ಅಕಸ್ಮಾತ್ ಈಗಾಗಲೇ ಸಹಿ ಹಾಕಿದ್ದರೆ ಇವತ್ತೇ ಇಮೇಲ್ ಕಳಿಸಿ: ಇದು ನಾನಾಗಿ ಕೊಟ್ಟ ರಾಜೀನಾಮೆಯಲ್ಲ, ವಾಪಸ್ ಪಡೆಯುತ್ತಿದ್ದೇನೆ ಎಂದು. ಕಂಪನಿ ಅದನ್ನು ಅಂಗೀಕರಿಸುವ ಮುಂಚೆ ವಾಪಸ್ ಪಡೆದರೆ ನಿಮ್ಮ ಮಾತಿಗೆ ಬಲ ಜಾಸ್ತಿ.

ಎಚ್‌ಆರ್‌ನವರು ಇಷ್ಟು ದಿನ ಹೇಳಿದ್ದೆಲ್ಲ ಬಾಯಿಮಾತು, ಅಲ್ವಾ? ಅದನ್ನು ಬರಹಕ್ಕೆ ತನ್ನಿ. "ಇಂಥ ದಿನ ನನ್ನನ್ನು ಕರೆದು ಹೀಗೆ ಹೇಳಿದಿರಿ, ನಾನು ಒಪ್ಪಿಲ್ಲ, ಕೆಲಸ ಮುಂದುವರಿಸಲು ಬಯಸುತ್ತೇನೆ" ಎಂದು ಮೂರು ಸಾಲಿನ ಇಮೇಲ್ ಸಾಕು. ಜಗಳದ ಮಾತು ಬೇಡ. ತಾರೀಖು ಇರಲಿ, ಯಾರು ಹೇಳಿದರು ಅನ್ನುವುದು ಇರಲಿ. ಅದರ ಒಂದು ಪ್ರತಿ ನಿಮ್ಮ ಸ್ವಂತ ಮೇಲ್‌ನಲ್ಲೂ ಇರಲಿ. ಯಾಕೆಂದರೆ ಇಂಥ ಕಂಪನಿಗಳು ಒಂದು ದಿನ ಬೆಳಗ್ಗೆ ಲಾಗಿನ್ ಬಂದ್ ಮಾಡಿಬಿಡುತ್ತವೆ, ಆಮೇಲೆ ನಿಮ್ಮ ಹತ್ತಿರ ಒಂದು ಚೂರು ಕಾಗದವೂ ಉಳಿಯುವುದಿಲ್ಲ.

ಈಗ "ನಮ್ಮದು ಪ್ರೈವೇಟ್" ಅನ್ನುವ ಮಾತಿಗೆ ಬರೋಣ. ಈ ಮಾತು ಪೂರ್ತಿ ಸುಳ್ಳೂ ಅಲ್ಲ, ನಿಜವಂತೂ ಅಲ್ಲ. ಬಿಡಿಸಿ ಹೇಳುತ್ತೇನೆ.

ನಮ್ಮ ದೇಶದಲ್ಲಿ ಈಗ ಇರುವುದು 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ. 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. ಅದಕ್ಕೂ ಮುಂಚೆ ಇದ್ದದ್ದು 1995ರ ಕಾಯ್ದೆ. ಹಳೆಯ ಕಾಯ್ದೆಯಲ್ಲಿ ಉದ್ಯೋಗದ ಮಾತೆಲ್ಲ ಬಹುಪಾಲು ಸರ್ಕಾರಿ ಕೆಲಸದ ಸುತ್ತಲೇ ಇತ್ತು. ನಿಮ್ಮ ಎಚ್‌ಆರ್‌ನವರ ತಲೆಯಲ್ಲಿ ಇನ್ನೂ ಅದೇ ಕೂತಿದೆ. ಹೊಸ ಕಾಯ್ದೆಯಲ್ಲಿ "ಸಂಸ್ಥೆ" ಎಂದರೆ ಸರ್ಕಾರಿಯೂ ಹೌದು, ಖಾಸಗಿಯೂ ಹೌದು. ಕಂಪನಿ, ಸೊಸೈಟಿ, ಟ್ರಸ್ಟ್, ಫ್ಯಾಕ್ಟರಿ, ಎಲ್ಲವೂ ಅದರೊಳಗೆ ಬರುತ್ತವೆ.

ಸರ್ಕಾರಿ ನೌಕರರಿಗೆ ಮಾತ್ರ ಇರುವುದು 20ನೇ ಸೆಕ್ಷನ್. ಕೆಲಸದಲ್ಲಿ ಇರುವಾಗ ಕಣ್ಣೋ ಕಿವಿಯೋ ಹೋದರೆ ಅವರನ್ನು ತೆಗೆಯುವಂತಿಲ್ಲ, ಹುದ್ದೆ ಇಳಿಸುವಂತಿಲ್ಲ. ಬೇರೆ ಹುದ್ದೆಗೆ ಹಾಕಿದರೂ ಅದೇ ವೇತನ ಶ್ರೇಣಿ. ಹೊಂದುವ ಹುದ್ದೆ ಇಲ್ಲದಿದ್ದರೆ, ಸಿಗುವವರೆಗೆ ಅಥವಾ ನಿವೃತ್ತಿಯವರೆಗೆ ಹೆಚ್ಚುವರಿ ಹುದ್ದೆ ಮಾಡಿ ಇಟ್ಟುಕೊಳ್ಳಬೇಕು. ಇಷ್ಟು ಗಟ್ಟಿಯಾದ ಮಾತು ಖಾಸಗಿ ನೌಕರರಿಗೆ ಕಾಯ್ದೆಯಲ್ಲಿ ಇಲ್ಲ. ಇರಬೇಕಿತ್ತು ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ. ಬೆಂಗಳೂರಿನಂಥ ಊರಿನಲ್ಲಿ ಕೆಲಸ ಇರುವುದೇ ಖಾಸಗಿಯಲ್ಲಿ.

ಹಾಗಂತ ನಿಮ್ಮ ಕೈ ಖಾಲಿ ಇಲ್ಲ. 3ನೇ ಸೆಕ್ಷನ್ ಹೇಳುವುದು ಎಲ್ಲರಿಗೂ ಸೇರಿ: ವೈಕಲ್ಯದ ಕಾರಣಕ್ಕೆ ಯಾರಿಗೂ ತಾರತಮ್ಯ ಮಾಡುವಂತಿಲ್ಲ. ತಾರತಮ್ಯ ಅಂದರೆ ಏನು ಎಂಬುದನ್ನೂ ಕಾಯ್ದೆಯೇ ಹೇಳುತ್ತದೆ, ಮತ್ತು ನಿಮ್ಮ ಮಟ್ಟಿಗೆ ಇಡೀ ಕಾಯ್ದೆಯ ಜೀವ ಇರುವುದು ಅಲ್ಲೇ. ಒಬ್ಬರಿಗೆ ಬೇಕಾದ ತಕ್ಕ ಅನುಕೂಲ ಮಾಡಿಕೊಡದೆ ಇರುವುದೂ ತಾರತಮ್ಯವೇ. ವಕೀಲರು ಇದನ್ನು ರೀಸನಬಲ್ ಅಕಾಮಡೇಶನ್ ಅನ್ನುತ್ತಾರೆ. ಉಳಿದವರಂತೆ ನೀವೂ ಕೆಲಸ ಮಾಡಲು ಬೇಕಾದ ಬದಲಾವಣೆ, ಹೊಂದಾಣಿಕೆ. ಕಂಪನಿಯ ಮೇಲೆ ವಿಪರೀತ ಹೊರೆ ಬೀಳಬಾರದು ಅನ್ನುವುದೊಂದೇ ಅದಕ್ಕಿರುವ ಮಿತಿ. 2021ರ ಫೆಬ್ರವರಿಯಲ್ಲಿ ವಿಕಾಸ್ ಕುಮಾರ್ ಎಂಬ ಅಭ್ಯರ್ಥಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿತು. ಪರೀಕ್ಷೆಯಲ್ಲಿ ಬರೆಯಲು ಸಹಾಯಕರು ಬೇಕು ಎಂದು ಅವರು ಕೇಳಿದ್ದರು. ಅನುಕೂಲ ಕೇಳುವುದಕ್ಕೆ 40 ಪರ್ಸೆಂಟ್ ವೈಕಲ್ಯ ಇರಲೇಬೇಕು ಎಂದೇನಿಲ್ಲ ಎಂದು ಕೋರ್ಟ್ ಹೇಳಿತು. 40 ಪರ್ಸೆಂಟ್ ಲೆಕ್ಕ ಬರುವುದು ಮೀಸಲಾತಿಯಂಥ ವಿಷಯಕ್ಕೆ.

ಇನ್ನೊಂದು ಸೆಕ್ಷನ್ 21. ಪ್ರತಿ ಸಂಸ್ಥೆಯೂ ಸಮಾನ ಅವಕಾಶ ನೀತಿ ಎಂದು ಒಂದನ್ನು ಬರೆದು, ಪ್ರಕಟಿಸಿ, ವಿಕಲಚೇತನರ ಆಯುಕ್ತರಲ್ಲಿ ನೋಂದಾಯಿಸಬೇಕು. ನಿಮ್ಮಲ್ಲಿ 60 ಜನ ಇದ್ದಾರೆ ಅಂದಿರಿ. 20 ಅಥವಾ ಹೆಚ್ಚು ಜನ ಇರುವ ಖಾಸಗಿ ಸಂಸ್ಥೆಯ ನೀತಿಯಲ್ಲಿ ಏನೇನು ಇರಬೇಕು ಎಂದು 2017ರ ನಿಯಮಗಳು ಪಟ್ಟಿ ಮಾಡಿವೆ. ಯಾವ ಹುದ್ದೆಗಳು ಇವರಿಗೆ ಹೊಂದುತ್ತವೆ, ಆಯ್ಕೆ ಹೇಗೆ, ತರಬೇತಿ ಏನು, ಯಾವ ಸಾಧನ ಕೊಡುತ್ತೀರಿ, ಇದನ್ನೆಲ್ಲ ನೋಡಿಕೊಳ್ಳುವ ಅಧಿಕಾರಿ ಯಾರು. "ನಮ್ಮ ಕಂಪನಿಯ ಸಮಾನ ಅವಕಾಶ ನೀತಿಯ ಪ್ರತಿ ಕೊಡಿ" ಎಂದು ಇಮೇಲ್‌ನಲ್ಲಿ ಕೇಳಿ. ಎಷ್ಟೋ ಕಡೆ ಈ ಒಂದು ಸಾಲಿಗೇ ಮಾತಿನ ದಾಟಿ ಬದಲಾಗುತ್ತದೆ. ಅಂಥದ್ದೊಂದು ಇದೆ ಅನ್ನುವುದೇ ಅವರಿಗೆ ಗೊತ್ತಿರುವುದಿಲ್ಲ. ಕಂಪನಿ ಕೊಡದಿದ್ದರೆ, ಈ ನೀತಿ ನೋಂದಣಿ ಆಗಿದೆಯೇ ಎಂದು ರಾಜ್ಯ ಆಯುಕ್ತರ ಕಚೇರಿಗೆ ಆರ್‌ಟಿಐ ಅರ್ಜಿ ಹಾಕಬಹುದು. 10 ರೂಪಾಯಿ ಶುಲ್ಕ.

ಕಾನೂನು ಇಷ್ಟೇ. ಇನ್ನು ನಿಮ್ಮ ಟೇಬಲ್ ಹತ್ತಿರ ಬರೋಣ, ಯಾಕೆಂದರೆ ಇದು ಗೆಲ್ಲುವುದೋ ಸೋಲುವುದೋ ಅಲ್ಲಿ. ಸುಮ್ನೆ "ನನಗೆ ಅನುಕೂಲ ಮಾಡಿಕೊಡಿ" ಎಂದು ಕೇಳಿದರೆ ಯಾರಿಗೂ ಏನು ಮಾಡಬೇಕೆಂದು ತೋಚುವುದಿಲ್ಲ. ನಿಮಗೆ ಏನು ಬೇಕು ಎಂದು ನಿಮಗಿಂತ ಚೆನ್ನಾಗಿ ಬಲ್ಲವರು ಇಲ್ಲ. ಒಂದು ವಾರ ನಿಮ್ಮ ಕೆಲಸವನ್ನು ನೀವೇ ಗಮನಿಸಿ ಬರೆದಿಟ್ಟುಕೊಳ್ಳಿ. ಯಾವ ಕೆಲಸಕ್ಕೆ ಎಷ್ಟು ಹೊತ್ತು ಹಿಡಿಯಿತು, ಎಲ್ಲಿ ತಡವರಿಸಿದಿರಿ.

ನಿಮ್ಮ ಕಣ್ಣಿನ ತೊಂದರೆಯಲ್ಲಿ ಜನ ಮಾಡುವ ಒಂದು ತಪ್ಪು ಇದೆ. "ಕಣ್ಣು ಮಂಜಂತೆ, ದೊಡ್ಡ ಮಾನಿಟರ್ ಕೊಡೋಣ, ಅಕ್ಷರ ದೊಡ್ಡದು ಮಾಡೋಣ" ಅನ್ನುತ್ತಾರೆ. ಮನಸ್ಸು ಒಳ್ಳೆಯದೇ. ಆದರೆ ನಿಮಗೆ ಕಾಣುವುದು ಕೊಳವೆಯಲ್ಲಿ ನೋಡಿದ ಹಾಗೆ, ನಡುವಿನ ಒಂದು ವೃತ್ತ ಮಾತ್ರ. ಅಕ್ಷರ ದೊಡ್ಡದಾದಷ್ಟೂ ಆ ವೃತ್ತದೊಳಗೆ ಹಿಡಿಯುವ ಅಕ್ಷರ ಕಡಿಮೆ. ಪರದೆ ಅಗಲವಾದಷ್ಟೂ ಮೌಸಿನ ಬಾಣ ಹುಡುಕುವುದೇ ಒಂದು ಕೆಲಸ. ನಿಮ್ಮಂಥವರಿಗೆ ಎಷ್ಟೋ ಸಲ ಚಿಕ್ಕ ಪರದೆ, ಮಧ್ಯಮ ಅಕ್ಷರ, ಕಪ್ಪು ಹಿನ್ನೆಲೆಯ ಮೇಲೆ ಬಿಳಿ ಬರಹ, ದಪ್ಪ ಮಾಡಿದ ಬಾಣ ಚೆನ್ನಾಗಿ ಒಗ್ಗುತ್ತವೆ. ಕೂರುವ ಜಾಗ ಕಿಟಕಿಗೆ ಮುಖ ಮಾಡಿ ಇದ್ದರೆ ಬದಲಾಯಿಸಲು ಹೇಳಿ, ಆ ಬೆಳಕು ಕಣ್ಣಿಗೆ ಹೊಡೆಯುತ್ತದೆ. ಓಡಾಡುವ ದಾರಿಯಲ್ಲಿ ಫೈಲಿನ ರಟ್ಟಿನ ಪೆಟ್ಟಿಗೆ, ಎಳೆದು ಬಿಟ್ಟ ಕುರ್ಚಿ ಇರಬಾರದು. ಇದಕ್ಕೆಲ್ಲ ಕಂಪನಿಗೆ ಆಗುವ ಖರ್ಚು ಎಷ್ಟು ಹೇಳಿ?

ಸಮಯದ್ದೂ ಹಾಗೆಯೇ. ಡಿಸೆಂಬರ್‌ನಲ್ಲಿ ನಮ್ಮೂರಲ್ಲಿ ಆರಕ್ಕೆಲ್ಲ ಹೊತ್ತು ಮುಳುಗುತ್ತದೆ. ಆರೂವರೆಗೆ ಆಫೀಸು ಬಿಟ್ಟರೆ ಜಯನಗರದಿಂದ ಯಶವಂತಪುರದವರೆಗೆ ಹಸಿರು ಮಾರ್ಗದ ಮೆಟ್ರೊದಲ್ಲಿ ಒಂದೇ ಗಾಡಿ, ದೀಪ ಇದೆ, ಸ್ಟೇಷನ್ ಹೆಸರು ಕೂಗುತ್ತಾರೆ, ನೆಲದಲ್ಲಿ ಹಳದಿ ಉಬ್ಬು ಪಟ್ಟಿ ಇದೆ. ಕಷ್ಟ ಇರುವುದು ಸ್ಟೇಷನ್‌ನಿಂದ ಮನೆಯವರೆಗಿನ ಆ ಹತ್ತು ನಿಮಿಷದಲ್ಲಿ. ಕಿತ್ತುಹೋದ ಫುಟ್‌ಪಾತ್, ನಡುವೆ ನಿಂತ ಬೈಕು, ಮುಚ್ಚಳ ಇಲ್ಲದ ಚರಂಡಿ. ಬೆಳಗ್ಗೆ ಎಂಟಕ್ಕೆ ಬಂದು ಸಂಜೆ ಐದಕ್ಕೆ ಹೊರಡುತ್ತೇನೆ ಎಂದು ಕೇಳಿ. ಕೆಲಸದ ಗಂಟೆ ಅಷ್ಟೇ ಇರುತ್ತದೆ. ಜೊತೆಗೆ ಬಿಳಿ ಕೋಲು ಹಿಡಿಯುವುದನ್ನು ಈಗಲೇ ಕಲಿಯಿರಿ ಎಂದು ನಿಮ್ಮ ಅಣ್ಣನ ಹಾಗೆ ಹೇಳುತ್ತೇನೆ. ಇನ್ನೂ ಕಣ್ಣು ಕಾಣುವಾಗ ಕೋಲು ಹಿಡಿಯಲು ಮನಸ್ಸು ಒಪ್ಪುವುದಿಲ್ಲ, ಗೊತ್ತು. ಆದರೆ ಕತ್ತಲಲ್ಲಿ ಅದು ನಿಮ್ಮ ಕಾಲು ಉಳಿಸುತ್ತದೆ.

ಈಗಲೇ ಕಲಿಯಬೇಕಾದ ಇನ್ನೊಂದು, ಸ್ಕ್ರೀನ್ ರೀಡರ್. ಕಂಪ್ಯೂಟರ್ ಪರದೆಯಲ್ಲಿ ಇರುವುದನ್ನು ಓದಿ ಹೇಳುವ ಸಾಫ್ಟ್‌ವೇರ್. ಎನ್‌ವಿಡಿಎ ಅನ್ನುವುದು ಪೂರ್ತಿ ಉಚಿತ. ಜಾಸ್ ಅನ್ನುವುದಕ್ಕೆ ದುಡ್ಡು ಕೊಡಬೇಕು. ಪರ್ಚೇಸ್ ಬಿಲ್‌ಗಳನ್ನು ನೋಡಿಕೊಳ್ಳುವ, ಕಣ್ಣು ಪೂರ್ತಿ ಕಾಣದ ಒಬ್ಬ ಹುಡುಗನ ಪಕ್ಕದಲ್ಲಿ ಒಂದು ಮಧ್ಯಾಹ್ನ ಕೂತಿದ್ದೆ. ಒಂದು ಕಿವಿಗೆ ಇಯರ್‌ಫೋನ್, ಇನ್ನೊಂದು ಕಿವಿ ಆಫೀಸಿನ ಕಡೆಗೆ. ಮೌಸ್ ಮುಟ್ಟಲೇ ಇಲ್ಲ. ಬಾಣದ ಕೀಲಿ ಒತ್ತಿದಂತೆಲ್ಲ ಎಕ್ಸೆಲ್‌ನ ಒಂದೊಂದು ಮನೆಯೂ ತನ್ನೊಳಗಿನ ಅಂಕಿಯನ್ನೂ ತಾನು ಇರುವ ಜಾಗವನ್ನೂ ಹೇಳಿಕೊಂಡು ಹೋಗುತ್ತಿತ್ತು. ಎಷ್ಟು ವೇಗ ಅಂದರೆ ನನಗೆ ಬರೀ ಗುಯ್ಗುಟ್ಟಿದ ಹಾಗೆ ಕೇಳುತ್ತಿತ್ತು. ಆತ ನಡುವೆ ನಿಲ್ಲಿಸಿ, "ಸರ್, ಈ ಇನ್‌ವಾಯ್ಸ್ ನಂಬರ್ ಮೇಲೆ ಒಂದ್ಸಲ ಬಂತು" ಎಂದ. ಹತ್ತು ಸಾಲು ಮೇಲೆ ಹೋಗಿ ನೋಡಿದರೆ ಹೌದು, ಒಂದೇ ಬಿಲ್ ಎರಡು ಸಲ ಏರಿತ್ತು. ನಾವು ಕಣ್ಣಾಡಿಸಿ ಬಿಟ್ಟುಬಿಡುವ ಅಂಕಿಯನ್ನು ಆತ ಒಂದೊಂದಾಗಿ ಕೇಳಿಸಿಕೊಳ್ಳುತ್ತಾನೆ.

ಇದಕ್ಕೆ ಕೈ ಪಳಗಲು ಕೆಲವು ತಿಂಗಳು ಬೇಕು. ಅದಕ್ಕೇ ಕಣ್ಣು ಇನ್ನೂ ಸಹಕರಿಸುವಾಗ ಶುರು ಮಾಡಿ ಅನ್ನುತ್ತೇನೆ. ತೊಡಕೂ ಇದೆ, ಮುಚ್ಚಿಡುವುದಿಲ್ಲ. ಕಂಪನಿಯ ಲೆಕ್ಕದ ಸಾಫ್ಟ್‌ವೇರ್ ಸ್ಕ್ರೀನ್ ರೀಡರ್‌ಗೆ ಹೊಂದುವಂತೆ ಕಟ್ಟಿರದಿದ್ದರೆ ಅದು ಬರೀ "ಬಟನ್, ಬಟನ್, ಬಟನ್" ಅನ್ನುತ್ತದೆ, ಯಾವ ಬಟನ್ ಎಂದು ಹೇಳುವುದಿಲ್ಲ. ಅಂಥ ತೆರೆಗಳು ಯಾವುವು ಎಂದು ಪಟ್ಟಿ ಮಾಡಿ ಕೊಡಿ. ಅಚ್ಚಾದ ಬಿಲ್ಲನ್ನು ಸ್ಕ್ಯಾನ್ ಮಾಡಿ ಓದಿಸಬಹುದು. ಕೈಬರಹದ ಡೆಲಿವರಿ ಚಲನ್ ಮಾತ್ರ ಸರಿಯಾಗಿ ಓದಿಸಲಾಗುವುದಿಲ್ಲ. ಆ ಕೆಲಸವನ್ನು ಪಕ್ಕದ ಸಹೋದ್ಯೋಗಿಗೆ ಕೊಟ್ಟು, ಅವರ ಬ್ಯಾಂಕ್ ತಾಳೆ ನೋಡುವ ಕೆಲಸವನ್ನು ನೀವು ತೆಗೆದುಕೊಳ್ಳಿ. ಹೀಗೆ ಕೆಲಸ ಅದಲುಬದಲು ಮಾಡಿಕೊಳ್ಳುವುದೂ ತಕ್ಕ ಅನುಕೂಲವೇ. ದಯೆಗೆ ಕೊಟ್ಟ ರಿಯಾಯಿತಿ ಎಂದು ಯಾರೂ ತಿಳಿಯಬಾರದು, ನೀವಂತೂ ತಿಳಿಯಲೇಬಾರದು.

ನಮ್ಮ ಕನ್ನಡಕ್ಕೇ ಸೇರಿದ ಒಂದು ತೊಡಕನ್ನು ಇಲ್ಲಿ ಹೇಳಲೇಬೇಕು. ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಸುತ್ತೋಲೆಗಳು ಕಣ್ಣಿಗೆ ಚೆಂದದ ಕನ್ನಡವಾಗಿ ಕಾಣುತ್ತವೆ. ಕಂಪ್ಯೂಟರ್‌ನ ಒಳಗೆ ಅವು ಕನ್ನಡವೇ ಅಲ್ಲ, ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಮೇಲೆ ಹೊದಿಸಿದ ಕನ್ನಡದ ಚಿತ್ರ. ಸ್ಕ್ರೀನ್ ರೀಡರ್ ಆ ಹೊದಿಕೆಯನ್ನು ನೋಡುವುದಿಲ್ಲ, ಕೆಳಗಿರುವ ಗೋಜಲನ್ನೇ ಓದುತ್ತದೆ. ಅದೇ ಸುತ್ತೋಲೆ ಯೂನಿಕೋಡ್‌ನಲ್ಲಿದ್ದರೆ ಸಲೀಸಾಗಿ ಕನ್ನಡ ಓದುತ್ತದೆ. ಹಳೆಯದನ್ನು ಯೂನಿಕೋಡ್‌ಗೆ ಬದಲಾಯಿಸುವ ಸಾಧನಗಳು ಉಚಿತವಾಗಿಯೇ ಸಿಗುತ್ತವೆ. ನಿಮ್ಮ ಕಂಪನಿಗೆ ಕನ್ನಡದಲ್ಲಿ ಪತ್ರ ಬರುವುದಿದ್ದರೆ ಇದನ್ನೂ ಬೇಡಿಕೆಯಲ್ಲಿ ಸೇರಿಸಿ. ಇಲಾಖೆಗಳಲ್ಲಿ ಕೂತು ಇದನ್ನು ಓದುತ್ತಿರುವವರಿಗೂ ನನ್ನ ಕೋರಿಕೆ: ದಯವಿಟ್ಟು ಯೂನಿಕೋಡ್‌ನಲ್ಲಿ ಟೈಪ್ ಮಾಡಿ. ಕನ್ನಡ ಓದಲು ಆಸೆ ಇದ್ದೂ ಓದಲಾಗದೆ ಇಂಗ್ಲಿಷ್ ಪ್ರತಿ ಕೇಳುವ ಕನ್ನಡಿಗರು ಈ ಊರಲ್ಲೇ ಇದ್ದಾರೆ.

ಇನ್ನು ವೈಕಲ್ಯದ ಸರ್ಟಿಫಿಕೇಟ್ ವಿಷಯ. ನೀವು ಮಾಡಿಸಿಲ್ಲ ಅನಿಸುತ್ತದೆ, ಪತ್ರದಲ್ಲಿ ಆ ಮಾತಿಲ್ಲ. "ಬೋರ್ಡಿನ ಮೇಲಿನ ಅಕ್ಷರ ಓದುತ್ತೀರಲ್ಲ, ನಿಮಗೇಕೆ ಸರ್ಟಿಫಿಕೇಟ್" ಎಂದು ಯಾರಾದರೂ ಹೇಳಿದರೆ ಅಲ್ಲಿಗೇ ವಾಪಸ್ ಬರಬೇಡಿ. ಕಾಯ್ದೆ ನೋಡುವುದು ಅಕ್ಷರದ ಚಾರ್ಟ್ ಒಂದನ್ನೇ ಅಲ್ಲ, ಕಣ್ಣಿಗೆ ಕಾಣುವ ಅಗಲವನ್ನೂ ನೋಡುತ್ತದೆ. ಆ ಅಗಲ 40 ಡಿಗ್ರಿಗಿಂತ ಕಡಿಮೆಯಾಗಿ 10 ಡಿಗ್ರಿವರೆಗೆ ಇದ್ದರೆ ಮಂದದೃಷ್ಟಿ. 10 ಡಿಗ್ರಿಗಿಂತ ಕಡಿಮೆ ಇದ್ದರೆ ಅಂಧತ್ವ, ನಡುವಿನ ಅಕ್ಷರ ಎಷ್ಟೇ ಚೆನ್ನಾಗಿ ಕಂಡರೂ. ಆದ್ದರಿಂದ ಫೀಲ್ಡ್ ಟೆಸ್ಟ್ ಮಾಡಿಸಿ, ಅದರ ವರದಿಯನ್ನು ಕೈಯಲ್ಲಿ ಹಿಡಿದೇ ಹೋಗಿ. ಅರ್ಜಿ ಹಾಕುವುದು ಸ್ವಾವಲಂಬನ್ ಪೋರ್ಟಲ್‌ನಲ್ಲಿ. ಅದರಿಂದ ಸಿಗುವ ವಿಕಲಚೇತನರ ಗುರುತಿನ ಚೀಟಿಗೆ ಯುಡಿಐಡಿ ಕಾರ್ಡ್ ಅನ್ನುತ್ತಾರೆ. ಕಣ್ಣಿಗೆ ಬೆಂಗಳೂರಿನವರು ಸಾಮಾನ್ಯವಾಗಿ ಮಿಂಟೋ ಆಸ್ಪತ್ರೆಗೆ ಹೋಗುತ್ತಾರೆ. ಕಾರ್ಡ್ ಬರುವವರೆಗೆ ಕಾಯದೆ, ಡಾಕ್ಟರ ವರದಿಯ ಮೇಲೆಯೇ ಕಂಪನಿಗೆ ಪತ್ರ ಬರೆಯಿರಿ. ಎಚ್‌ಆರ್‌ಗೆ ನಿಮ್ಮ ಇಡೀ ವೈದ್ಯಕೀಯ ಫೈಲ್ ಕೊಡುವ ಅಗತ್ಯ ಇಲ್ಲ. ತೊಂದರೆ ಏನು, ಏನು ಅನುಕೂಲ ಬೇಕು, ಅಷ್ಟು ಸಾಕು.

ಪತ್ರ ಹೀಗಿರಲಿ:

"ನಾನು 9 ವರ್ಷದಿಂದ ಅಕೌಂಟ್ಸ್ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದೇನೆ. ನನಗೆ ದೃಷ್ಟಿದೋಷ ಉಂಟಾಗಿದೆ, ವೈದ್ಯರ ವರದಿ ಲಗತ್ತಿಸಿದ್ದೇನೆ. ನನ್ನ ಕೆಲಸವನ್ನು ಮುಂದೆಯೂ ಮಾಡಲು ಈ ಕೆಳಗಿನ ಅನುಕೂಲಗಳು ಬೇಕು: ನನ್ನ ಕಂಪ್ಯೂಟರ್‌ನಲ್ಲಿ ಎನ್‌ವಿಡಿಎ ಹಾಕಲು ಅನುಮತಿ, ಬೆಳಗ್ಗೆ 8ರಿಂದ ಸಂಜೆ 5ರವರೆಗೆ ಕೆಲಸದ ಸಮಯ, ಕಿಟಕಿಗೆ ಬೆನ್ನು ಮಾಡಿ ಕೂರುವ ಜಾಗ, ಕೈಬರಹದ ಚಲನ್‌ಗಳ ಬದಲು ಬೇರೆ ಕೆಲಸ, ಸ್ಕ್ರೀನ್ ರೀಡರ್ ತರಬೇತಿಗೆ ವಾರಕ್ಕೆ ಎರಡು ಅರ್ಧ ದಿನ, ಮೂರು ತಿಂಗಳ ಮಟ್ಟಿಗೆ. ವಿಕಲಚೇತನರ ಹಕ್ಕುಗಳ ಕಾಯ್ದೆ 2016ರ ಸೆಕ್ಷನ್ 3 ಮತ್ತು 21ರ ಪ್ರಕಾರ ಇವನ್ನು ಕೇಳುತ್ತಿದ್ದೇನೆ. ಯಾವುದಾದರೂ ಕೊಡಲು ಆಗದಿದ್ದರೆ ಕಾರಣವನ್ನು 15 ದಿನದೊಳಗೆ ಬರಹದಲ್ಲಿ ತಿಳಿಸಿ. ನಮ್ಮ ಸಮಾನ ಅವಕಾಶ ನೀತಿಯ ಪ್ರತಿಯನ್ನೂ ಕಳಿಸಿಕೊಡಿ."

ಈ 15 ದಿನ ಕಾಯ್ದೆ ಹೇಳಿದ್ದಲ್ಲ, ನೀವು ಇಟ್ಟ ಗಡುವು. ಗಡುವು ಇಲ್ಲದ ಪತ್ರಕ್ಕೆ ಉತ್ತರ ಬರುವುದಿಲ್ಲ. "ಕಾರಣ ಬರಹದಲ್ಲಿ" ಅನ್ನುವ ಸಾಲನ್ನು ಯಾವ ಕಾರಣಕ್ಕೂ ಬಿಡಬೇಡಿ. ಖರ್ಚೇ ಇಲ್ಲದ ಅನುಕೂಲಗಳನ್ನು ಕೊಡಲಾಗುವುದಿಲ್ಲ ಎಂದು ಕಾಗದದ ಮೇಲೆ ಬರೆಯಲು ಯಾವ ಕಂಪನಿಯ ವಕೀಲರೂ ಹಿಂದೆಮುಂದೆ ನೋಡುತ್ತಾರೆ.

ಇಷ್ಟಾದರೂ ತೆಗೆದರೆ? ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳಿಗೆ ಅನ್ವಯಿಸುವ 1961ರ ಕರ್ನಾಟಕದ ಕಾಯ್ದೆಯ 39ನೇ ಸೆಕ್ಷನ್ ಇದೆ. ಆರು ತಿಂಗಳು ಸತತವಾಗಿ ಕೆಲಸ ಮಾಡಿದವರನ್ನು ಸರಿಯಾದ ಕಾರಣ ಇಲ್ಲದೆ, ಒಂದು ತಿಂಗಳ ನೋಟಿಸ್ ಅಥವಾ ಅದರ ಸಂಬಳ ಕೊಡದೆ ತೆಗೆಯುವಂತಿಲ್ಲ. ನೋಟಿಸ್ ಸಂಬಳ ಕೊಟ್ಟರೆ ಮುಗಿಯಿತು ಎಂದು ಬಹಳ ಜನ ತಿಳಿದಿದ್ದಾರೆ. ಎರಡೂ ಇರಬೇಕು, ಕಾರಣವೂ ನೋಟಿಸೂ. ಅನುಕೂಲ ಕೇಳಿದ ಪತ್ರ ನಿಮ್ಮ ಕೈಯಲ್ಲಿದ್ದರೆ "ಸರಿಯಾದ ಕಾರಣ" ಏನು ಎಂದು ಹೇಳುವುದು ಅವರಿಗೆ ಕಷ್ಟವಾಗುತ್ತದೆ. ಇದಕ್ಕೆ ಮೇಲ್ಮನವಿ ಉಂಟು, ಕಾಲಮಿತಿಯೂ ಉಂಟು. ಆದ್ದರಿಂದ ತೆಗೆದ ವಾರದಲ್ಲೇ ವಕೀಲರನ್ನು ನೋಡಿ.

ಜೊತೆಗೆ ರಾಜ್ಯ ಆಯುಕ್ತರಿಗೆ ದೂರು. ಕಚೇರಿ ಬೆಂಗಳೂರಿನಲ್ಲೇ ಇದೆ. ವಕೀಲರು ಇರಲೇಬೇಕೆಂದಿಲ್ಲ, ನೀವೇ ಬರೆದು ಕೊಡಬಹುದು. ಕಂಪನಿಯವರನ್ನು ಕರೆಸುವ, ದಾಖಲೆ ತರಿಸುವ ವಿಷಯದಲ್ಲಿ ಆಯುಕ್ತರಿಗೆ ಸಿವಿಲ್ ಕೋರ್ಟಿನ ಅಧಿಕಾರ ಇದೆ. ಅವರು ಕೊಡುವುದು ಶಿಫಾರಸು. ಅದರ ಮೇಲೆ ಏನು ಕ್ರಮ ಕೈಗೊಂಡಿತು ಎಂದು ಕಂಪನಿ ಮೂರು ತಿಂಗಳೊಳಗೆ ಆಯುಕ್ತರಿಗೆ ತಿಳಿಸಬೇಕು. ಶಿಫಾರಸು ತಾನೇ ಎಂದು ಹಗುರ ಮಾಡಬೇಡಿ. ಆಯುಕ್ತರ ನೋಟಿಸ್ ಬಂದ ದಿನವೇ ಮಾತುಕತೆಗೆ ಕರೆದ ಕಂಪನಿಗಳು ಇವೆ. ಕಾಯ್ದೆ ಮುರಿದರೆ ಮೊದಲ ಸಲ 10,000 ರೂಪಾಯಿವರೆಗೆ ದಂಡ, ಮತ್ತೆ ಮುರಿದರೆ 50,000ದಿಂದ 5 ಲಕ್ಷದವರೆಗೆ. ವಕೀಲರು ಬೇಕಾದರೆ ದುಡ್ಡಿನ ಚಿಂತೆ ಬೇಡ. ಮಹಿಳೆಯರಿಗೂ ವಿಕಲಚೇತನರಿಗೂ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಸಿಗುತ್ತದೆ. ಕಾನೂನು ಸೇವಾ ಪ್ರಾಧಿಕಾರ ಇರುವ ಸಿದ್ದಯ್ಯ ರಸ್ತೆಯ ನ್ಯಾಯದೇಗುಲಕ್ಕೆ ಹೋಗಿ ಕೇಳಿ, ಅಥವಾ 15100ಕ್ಕೆ ಫೋನ್ ಮಾಡಿ.

ಈಗ ನಿಮ್ಮ ತಮ್ಮನ ವಿಷಯ. ಓದಿದಾಗ ನನಗೆ ಸಂಕಟವಾಯಿತು. ಕಿವಿ ಕೇಳದ ಹುಡುಗನಿಗೆ ಫೋನ್ ಮಾಡಿ, ಅವನು ಎತ್ತಲಿಲ್ಲ ಎಂದು ಹೆಸರು ಹೊಡೆದುಹಾಕುವುದು. ಆ ಕರೆ ಮಾಡುವವರಿಗೆ ಅದು ಹೊಳೆದಿರುವುದೂ ಇಲ್ಲ. ಅದಕ್ಕೇ ಅರ್ಜಿಯಲ್ಲೇ, ಹೆಸರಿನ ಕೆಳಗೇ ಬರೆಯಲಿ: "ನನಗೆ ಕಿವಿ ಕೇಳುವುದಿಲ್ಲ. ದಯವಿಟ್ಟು ವಾಟ್ಸಾಪ್ ಅಥವಾ ಇಮೇಲ್ ಮಾಡಿ. ಇಂಟರ್‌ವ್ಯೂಗೆ ಸನ್ನೆ ಭಾಷೆಯ ಇಂಟರ್‌ಪ್ರಿಟರ್ ಬೇಕು." ಮುಚ್ಚಿಟ್ಟು ಒಳಗೆ ಹೋಗೋಣ ಎಂದು ಕೆಲವರು ಸಲಹೆ ಕೊಡುತ್ತಾರೆ. ನಾನು ಒಪ್ಪುವುದಿಲ್ಲ. ಹೇಳಿದ ಮೇಲೂ ಫೋನ್ ಮಾಡಿಯೇ ತೆಗೆದುಹಾಕಿದರೆ ಅದು ಲೆಕ್ಕಕ್ಕೆ ಬರುವ ತಾರತಮ್ಯ. ಹೇಳದಿದ್ದರೆ ಬರೀ ಎತ್ತದ ಫೋನ್.

ಆತನ ಬರವಣಿಗೆಯ ಬಗ್ಗೆ ಒಂದು ಮಾತು. ಹುಟ್ಟಿನಿಂದ ಕೇಳದವರಿಗೆ ಕನ್ನಡವೂ ಇಂಗ್ಲಿಷೂ ಕಿವಿಯಿಂದ ಬಂದ ಭಾಷೆಗಳಲ್ಲ. ಸನ್ನೆ ಭಾಷೆಯೇ ಅವರ ಮೊದಲ ಭಾಷೆ. ಅದಕ್ಕೆ ತನ್ನದೇ ವ್ಯಾಕರಣ ಇದೆ. ಉದಾಹರಣೆಗೆ ಭಾರತೀಯ ಸನ್ನೆ ಭಾಷೆಯಲ್ಲಿ ಏನು, ಎಲ್ಲಿ, ಯಾಕೆ ಅನ್ನುವ ಸನ್ನೆ ಸಾಮಾನ್ಯವಾಗಿ ವಾಕ್ಯದ ಕೊನೆಗೆ ಬರುತ್ತದೆ. ಹಾಗಾಗಿ ಆತ ಬರೆದ ಇಮೇಲ್‌ನಲ್ಲಿ ವಿಭಕ್ತಿ ತಪ್ಪಿರಬಹುದು, ಕ್ರಿಯಾಪದ ಜಾಗ ಬದಲಿಸಿರಬಹುದು. ಅದನ್ನು ನೋಡಿ "ಹುಡುಗನಿಗೆ ತಲೆ ಓಡಲ್ಲ" ಎಂದು ತೀರ್ಮಾನಿಸುವವರು ಇದ್ದಾರೆ. ತುಟಿ ಓದಿಕೊಳ್ಳುತ್ತಾನೆ ಬಿಡಿ ಎಂದು ಇನ್ನು ಕೆಲವರು. ತುಟಿಯಲ್ಲಿ ಪ, ಬ, ಮ ಮೂರೂ ಒಂದೇ ಥರ ಕಾಣುತ್ತವೆ. ಕನ್ನಡಿ ಮುಂದೆ ನಿಂತು ಸದ್ದಿಲ್ಲದೆ ಪಾಲು, ಬಾಲು, ಮಾಲು ಅಂದು ನೋಡಿ, ಗೊತ್ತಾಗುತ್ತದೆ. ಫಿಟ್ಟರ್ ಕೆಲಸಕ್ಕೆ ಆಳು ಬೇಕಾದರೆ ಕೈಗೆ ಅರ, ವರ್ನಿಯರ್, ಒಂದು ಡ್ರಾಯಿಂಗ್ ಕೊಟ್ಟು ಕೆಲಸ ಮಾಡಿಸಿ ನೋಡಲಿ. ಟ್ರೇಡ್ ಟೆಸ್ಟ್ ಕೊಡಿ ಎಂದು ನಿಮ್ಮ ತಮ್ಮನೇ ಬರೆದು ಕೇಳಲಿ.

ಪೀಣ್ಯದಲ್ಲಿ ಕೇಳಿಬರುವ ಇನ್ನೊಂದು ಮಾತು ಸೇಫ್ಟಿ. "ಮಿಷನ್ ಹತ್ತಿರ ಕೂಗಿದರೆ ಕೇಳಲ್ಲ, ಏನಾದರೂ ಆದರೆ?" ಈ ಭಯ ಸುಳ್ಳಲ್ಲ, ಅದನ್ನು ಗೌರವದಿಂದಲೇ ಉತ್ತರಿಸಬೇಕು. ಪ್ರೆಸ್‌ಗಳು ಓಡುವ ಶೆಡ್‌ನಲ್ಲಿ ಕಿವಿ ಇದ್ದವರಿಗೂ ಕೂಗು ಕೇಳುವುದಿಲ್ಲ, ಅವರೂ ಇಯರ್‌ಪ್ಲಗ್ ಹಾಕಿರುತ್ತಾರೆ. ಎಷ್ಟೋ ಸಿಎನ್‌ಸಿ ಮಿಷನ್‌ಗಳ ತಲೆಯ ಮೇಲೆ ಕೆಂಪು, ಹಳದಿ, ಹಸಿರು ದೀಪದ ಕಂಬ ಇರುತ್ತದೆ. ಬೆಂಕಿ ಅಲಾರಂಗೂ ಮಿನುಗುವ ದೀಪ ಜೋಡಿಸಬಹುದು. ಫೋರ್ಕ್‌ಲಿಫ್ಟ್ ಓಡುವ ದಾರಿಗೆ ಗೆರೆ ಎಳೆದು, ತಿರುವಿನಲ್ಲಿ ಕನ್ನಡಿ ಹಾಕಬಹುದು. ಪ್ರತಿ ಪಾಳಿಯಲ್ಲೂ ಒಬ್ಬ ಜೊತೆಗಾರನಿಗೆ ಹತ್ತು ಹದಿನೈದು ಸನ್ನೆ ಕಲಿಸಬಹುದು: ನಿಲ್ಲಿಸು, ಅಪಾಯ, ಹೊರಗೆ ಬಾ, ಊಟ. ಇವೂ ತಕ್ಕ ಅನುಕೂಲಗಳೇ, ಕಿವಿ ಇದ್ದವರ ಜೀವವನ್ನೂ ಕಾಯುತ್ತವೆ.

ಇಂಟರ್‌ಪ್ರಿಟರ್ ಕೇಳಿದರೆ ನಗುತ್ತಾರೇನೋ ಎಂದು ಆತ ಹಿಂಜರಿದರೆ ಸಾರಾ ಸನ್ನಿ ಅವರ ವಿಷಯ ಹೇಳಿ. ನಮ್ಮ ಬೆಂಗಳೂರಿನ ವಕೀಲೆ, ಕಿವುಡರು. 2023ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್‌ನಲ್ಲಿ, 2024ರ ಏಪ್ರಿಲ್‌ನಲ್ಲಿ ಕರ್ನಾಟಕ ಹೈಕೋರ್ಟ್‌ನಲ್ಲಿ ಸನ್ನೆ ಭಾಷೆಯ ಇಂಟರ್‌ಪ್ರಿಟರ್ ಮೂಲಕ ವಾದ ಮಂಡಿಸಿದರು. ಹೈಕೋರ್ಟಿಗೆ ಆಗುವುದು ಪೀಣ್ಯದ ಒಂದು ಇಂಟರ್‌ವ್ಯೂಗೆ ಆಗುವುದಿಲ್ಲವೇ? ನಿಮಗೂ ಒಂದು ಹೇಳಬೇಕು. 2025ರ ಮಾರ್ಚ್ 3ರಂದು ಸುಪ್ರೀಂ ಕೋರ್ಟ್, ಕಣ್ಣು ಕಾಣುವುದಿಲ್ಲ ಎಂಬ ಕಾರಣಕ್ಕೆ ಯಾರನ್ನೂ ನ್ಯಾಯಾಧೀಶರ ಹುದ್ದೆಯಿಂದ ಹೊರಗಿಡುವಂತಿಲ್ಲ ಎಂದಿತು. ಕಣ್ಣು ಕಾಣದವರು ತೀರ್ಪು ಬರೆಯಬಹುದು ಅಂದ ಮೇಲೆ ಲೆಡ್ಜರ್ ಬರೆಯಬಾರದೇ?

ತಮ್ಮನಿಗೆ ಸರ್ಕಾರಿ ಕೆಲಸದ ದಾರಿಯೂ ತೆರೆದಿದೆ. ಕೇಂದ್ರದ ಕಾಯ್ದೆಯಲ್ಲಿ ಮೀಸಲಾತಿ ಕನಿಷ್ಠ 4 ಪರ್ಸೆಂಟ್, ಅದರಲ್ಲಿ 1 ಪರ್ಸೆಂಟ್ ಕಣ್ಣಿನವರಿಗೆ, 1 ಪರ್ಸೆಂಟ್ ಕಿವಿಯವರಿಗೆ. ಎರಡೂ ಕಿವಿಯಲ್ಲಿ 70 ಡೆಸಿಬೆಲ್ ನಷ್ಟ ಇದ್ದರೆ ಕಿವುಡು, 60ರಿಂದ 70 ಇದ್ದರೆ ಮಂದಶ್ರವಣ. ಬಿಇಎಲ್, ಎಚ್‌ಎಎಲ್, ಬಿಇಎಂಎಲ್, ರೈಲ್ವೆ, ಇಲ್ಲೆಲ್ಲ ಐಟಿಐ ಮುಗಿಸಿದವರನ್ನು ಕರೆಯುವ ಪ್ರಕಟಣೆಗಳನ್ನು ಗಮನಿಸುತ್ತಿರಲಿ. ಯಾವ ಹುದ್ದೆ ಕಿವಿಯವರಿಗೆ ಗುರುತಿಸಿದೆ ಎಂದು ಪ್ರಕಟಣೆಯಲ್ಲೇ ಇರುತ್ತದೆ. ಕೇಂದ್ರದ ಸಂಸ್ಥೆಗಳ ಮೇಲಿನ ದೂರು ಮಾತ್ರ ದೆಹಲಿಯ ಮುಖ್ಯ ಆಯುಕ್ತರಿಗೆ ಹೋಗಬೇಕು, ಇಲ್ಲಿನವರಿಗೆ ಅಲ್ಲ.

ತರಬೇತಿಗೆ ದೂರ ಹೋಗಬೇಕಾಗಿಲ್ಲ. 1999ರಲ್ಲಿ ಶುರುವಾದ ಎನೇಬಲ್ ಇಂಡಿಯಾ, 1997ರಿಂದ ಇರುವ ಸಮರ್ಥನಂ, ಎಚ್‌ಎಸ್‌ಆರ್ ಲೇಔಟ್‌ನ ಮಿತ್ರಜ್ಯೋತಿ, ಮೂರೂ ನಮ್ಮೂರಿನವೇ. ಸ್ಕ್ರೀನ್ ರೀಡರ್ ಕಲಿಯಲು, ಕೆಲಸಕ್ಕೆ ತಯಾರಾಗಲು ಇಲ್ಲಿ ವಿಚಾರಿಸಿ. ಕಂಪನಿಯವರೊಂದಿಗೆ ಮಾತಾಡಿ ಅನುಭವ ಇರುವವರು ಇಲ್ಲಿದ್ದಾರೆ. ಎಷ್ಟೋ ಸಲ ಎಚ್‌ಆರ್‌ನವರ ಮುಂದೆ ಇಂಥವರೊಬ್ಬರು ಅರ್ಧ ಗಂಟೆ ಎನ್‌ವಿಡಿಎ ಓಡಿಸಿ ತೋರಿಸಿದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ. ನಿಮ್ಮ ಮ್ಯಾನೇಜರ್ ಒಳ್ಳೆಯವರಾಗಿದ್ದರೆ, ಅವರ ಮೂಲಕವೇ ಇಂಥದ್ದೊಂದು ಭೇಟಿ ಕೇಳಿ ನೋಡಿ.

ಮೊದಲ ಪತ್ರ ಈ ಸೋಮವಾರವೇ ಹೋಗಲಿ. ಮುಂದೆ ಆಯುಕ್ತರ ಕಚೇರಿಗೆ ಹೋಗಬೇಕಾಗಿ ಬಂದರೆ ಇಬ್ಬರೂ ಹಗಲಿನಲ್ಲೇ, ಜೊತೆಯಾಗಿ ಹೋಗಿ. ತಮ್ಮನ ದೂರನ್ನು ನೀವು ಬಾಯಲ್ಲಿ ಹೇಳಬೇಡಿ, ಆತನೇ ಹೇಳಲಿ. ಅದಕ್ಕಾಗಿ, ವಿಚಾರಣೆಗೆ ಇಂಟರ್‌ಪ್ರಿಟರ್ ಬೇಕು ಎಂದು ದೂರಿನ ಮೊದಲ ಸಾಲಿನಲ್ಲೇ ಬರೆಯಿರಿ.